ಹಗೂರ ವಾಚು

ಅಪ್ಪಾ,

‘ತೀರ್ಥರೂಪರಿಗೆ’ ಎಂದು ಶುರು ಮಾಡಲು ಕೂತಿದ್ದೆ. ಕೈ ಬರಲಿಲ್ಲ. ಇಪ್ಪತ್ತು ವರ್ಷ ತಿಂಗಳಿಗೊಮ್ಮೆ ಆ ಶಬ್ದ ಬರೆದೇ ನಿನಗೆ ಪತ್ರ ಶುರು ಮಾಡಿದವಳು ನಾನು. ಕಾಗದದ ಮೇಲೆ ‘ನೀವು’ ಅನ್ನುತ್ತಿದ್ದೆ, ಹುನಗುಂದದ ಮನೆಯ ಕಟ್ಟೆಯ ಮೇಲೆ ಕೂತಾಗ ‘ನೀ’ ಅನ್ನುತ್ತಿದ್ದೆ. ಇವತ್ತು ಕಾಗದದ ಮೇಲೂ ‘ನೀನು’ ಎಂದೇ ಬರೆಯುತ್ತೇನೆ. ನಿನ್ನ ಮೇಲೆ ಸಿಟ್ಟಿದೆ, ಸಿಟ್ಟಿಗೆ ಬಹುವಚನ ಒಗ್ಗುವುದಿಲ್ಲ. ನೀನು ಹೋಗಿ ವರ್ಷದ ಮೇಲಾಯಿತು. ಹೋದವರ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸಬೇಕು, ಹೇಳು?

ನಿನ್ನ ನೆನಪೆಂದರೆ ನನಗೆ ಮೊದಲು ನಿನ್ನ ಎಡಗೈ. ಬೆಳಿಗ್ಗೆ ಜಳಕ ಮುಗಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀನು ಪೂಜೆಗೆ ಕೂತರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಆಗುತ್ತಿರಲಿಲ್ಲ. ಆ ಅಂಗೈಗೆ ಹೊಂದಿಕೊಂಡೇ, ಮಣಿಕಟ್ಟಿನ ಸುತ್ತ, ಬಳೆಯ ಹಾಗೆ ಒಂದು ಕೆಂಪು ಗಾಯ. ನಿವೃತ್ತಿಯ ದಿನ ಸಾಲಿಯವರು ಕೊಟ್ಟ ಸ್ಟೀಲ್ ವಾಚು ಮಾಡಿದ ಗಾಯ ಅದು. ಅಷ್ಟು ವರ್ಷ ಹೆಡ್‌ಮಾಸ್ತರನಾಗಿ ಗಂಟೆ ಹೊಡೆಸಿದವನಿಗೆ ವಾಚು ಬಿಚ್ಚಿಡಲು ಮನಸ್ಸಿಲ್ಲ. ಕಟ್ಟಿಕೊಂಡರೆ ಬೆವರಿಗೆ ತುರಿಸಿ, ಚರ್ಮ ಒಡೆದು ನೀರಾಡುತ್ತಿತ್ತು. ಅದಕ್ಕೆ ನೀನೇ ಉಪಾಯ ಹುಡುಕಿಕೊಂಡಿದ್ದೆ. ಹಳೆಯ ಧೋತರದಿಂದ ಹರಿದ ಬಿಳಿ ಅರಿವಿಯ ತುಂಡನ್ನು ಮಣಿಕಟ್ಟಿಗೆ ಸುತ್ತಿ, ಅದರ ಮೇಲೆ ವಾಚು. “ಮಾಸ್ತರು ವಾಚಿಗೂ ಧೋತರ ಉಡಿಸ್ಯಾರ” ಎಂದು ಓಣಿಯವರು ನಗುತ್ತಿದ್ದರು. ನೀನೂ ನಗುತ್ತಿದ್ದೆ. ಪೂಜೆಯ ಹೊತ್ತಿಗೆ ಆ ಅರಿವಿ ಬಿಚ್ಚಿದಾಗ ಮುಖ ಕಿವುಚುತ್ತಿದ್ದದ್ದನ್ನು ಮಾತ್ರ ನಾನು ನೋಡಿದ್ದೆ.

ಒಮ್ಮೆ ವಿದ್ಯಾಗಿರಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಗಾಯದ ಮಾತು ಬಂತು. ರಸಾಯನಶಾಸ್ತ್ರ ಕಲಿಸುವ ಸುಮಿತ್ರಾ ಊಟದ ಡಬ್ಬಿ ಮುಚ್ಚುತ್ತಾ ಹೇಳಿದಳು: “ನಿಮ್ಮಪ್ಪಾರಿಗೆ ಸ್ಟೀಲಿನಾಗಿನ ನಿಕ್ಕಲ್ ಆಗಿಬರೂದಿಲ್ಲ. ಟೈಟೇನಿಯಂ ಅಂತ ಒಂದು ಲೋಹ ಐತಿ, ವಿಮಾನಕ್ಕ ಹಾಕ್ತಾರ. ಈಗ ಅದರಾಗ ವಾಚೂ ಮಾಡ್ಯಾರಂತ. ಬೆವರಿಗೆ ಅದಕ್ಕೇನೂ ಆಗೂದಿಲ್ಲ, ಕೈಗೂ ಏನೂ ಆಗೂದಿಲ್ಲ.” ಅವಳ ತಮ್ಮ ಕೊಲ್ಲಿ ದೇಶದಲ್ಲಿದ್ದ, ಅವನ ಕೈಲಿ ತರಿಸಬಹುದಿತ್ತು. ಸಮುದ್ರದಲ್ಲಿ ಮುಳುಗುವವರು, ಗುಡ್ಡ ಹತ್ತುವವರು ಕಟ್ಟುವ ವಾಚು, ಶ್ರೀಮಂತರ ಶೋಕಿ. “ಅಂಥಾದ್ದು ದಿನಾ ಕಟ್ಟಾಕ ಬರತೈತೇನ?” ಎಂದು ಕೇಳಿದೆ. “ಗೀರು ಲಗೂನ ಬೀಳತಾವ ನೋಡು. ಗಟ್ಟಿ ಇರೂದು ಬ್ಯಾರೆ, ಗೀರು ಬೀಳದಂಗ ಇರೂದು ಬ್ಯಾರೆ. ಆದ್ರ ಕೈಗೆ ಭಾಳ ಹಿತ” ಎಂದಳು. ನನಗೆ ಅಷ್ಟು ಸಾಕಿತ್ತು. ಆ ವರ್ಷ ನಾನು ಒಂದೂ ಕವನ ಸಂಕಲನ ಕೊಳ್ಳಲಿಲ್ಲ.

ಯುಗಾದಿಯ ದಿನ, ಬೇವು ಬೆಲ್ಲ ಆದ ಮೇಲೆ, ಡಬ್ಬಿ ತಂದು ನಿನ್ನ ಮುಂದಿಟ್ಟೆ. ವಾಚು ಸಾಲಿ ಮಕ್ಕಳ ಸ್ಲೇಟಿನ ಬಣ್ಣದ್ದು, ಹೊಳಪೇ ಇಲ್ಲ. ನೀನು ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗಿದೆ.

“ಏನವ್ವಾ ನೀಲಾ, ಒಳಗ ಮಷೀನ್ ಹಾಕೂದು ಮರತಾರೇನು?”

“ಸಮುದ್ರದ ತಳಕ್ಕ ಹೋದ್ರೂ ನಿಲ್ಲೂದಿಲ್ಲಪ್ಪಾ ಇದು.”

“ಹುನಗುಂದದಾಗ ಸಮುದ್ರ ಎಲ್ಲಿಂದ ತರ್ಲಿ? ಜಳಕದ ಹಂಡ್ಯಾಗ ಮುಳಗತೇನಿ ತಗೋ.”

ಚೈನು ಸಡಿಲಾಗುತ್ತಿತ್ತು. ಸರಿ ಮಾಡಿಸಲು ಇಬ್ಬರೂ ಇಳಕಲ್ಲಿಗೆ ಹೋದೆವು. ಸೀರೆ ಅಂಗಡಿಗಳ ಸಾಲಿನ ತುದಿಯಲ್ಲಿ ಕೂರುವ ವಾಚು ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಏರಿಸುವ ಮೊದಲೇ ನಿನ್ನ ಹಾಗೆ ಅಂಗೈಯಲ್ಲಿ ತೂಗಿದ. “ಮಾಸ್ತರ, ಇದು ವಾಚೇನ್ರಿ, ಹಪ್ಪಳೇನ್ರಿ? ಯಾರೋ ನಿಮಗ ಟೋಪಿ ಹಾಕ್ಯಾರ.” ನಮ್ಮ ಕಡೆ ಬೆಳ್ಳಿಯ ಬಟ್ಟಲಿರಲಿ, ತಾಮ್ರದ ಕೊಡವಿರಲಿ, ಹಿಡಿದ ಕೈ ಕೆಳಗಿಳಿದರೇ ಅದು ಅಸಲು. ಹಗುರವಾದದ್ದು ನಕಲಿ. “ಹಾಕಿದಾಕಿ ನನ್ನ ಮಗಳು. ಅಕಿ ಹಾಕಿದ ಟೋಪಿ ನನಗ ಪೇಟಾ ಇದ್ದಂಗ” ಎಂದು ನೀನು ಅಂದೆ. ಅವನು ನಗುತ್ತಾ ಎರಡು ಕೊಂಡಿ ತೆಗೆದ. ಬೇಸಿಗೆ ರಜೆಗೆ ಬಂದಾಗ ನಿನ್ನ ಕೈಯಲ್ಲಿ ಅರಿವಿಯ ತುಂಡಿರಲಿಲ್ಲ. ಗಾಯ ಮಾಗಿ ಚರ್ಮ ತಿಳಿಯಾಗಿತ್ತು. ಆ ಮಣಿಕಟ್ಟನ್ನು ನಾನು ಎಷ್ಟೋ ಕವಿತೆಗಳಿಗಿಂತ ಹೆಚ್ಚು ಪ್ರೀತಿಯಿಂದ ಓದಿದ್ದೆ.

ಶ್ರಾವಣದಲ್ಲಿ ನಿನ್ನ ಇನ್‌ಲ್ಯಾಂಡ್ ಪತ್ರ ಬಂತು. ಅದು ನನಗೆ ಬಾಯಿಪಾಠ. ‘ಮಹಾಕೂಟಕ್ಕೆ ಹೋಗಿ ಬಂದೆನು. ಹೊಂಡದಲ್ಲಿ ಮೂರು ಸಲ ಮುಳುಗಿದೆನು. ವಾಚು ಕೈಯಲ್ಲೇ ಇತ್ತು, ನಿಲ್ಲಲಿಲ್ಲ. ದಿನಾ ಕಟ್ಟುತ್ತೇನೆ.’ ಓದಿ ನಕ್ಕೆ, ಸುಮಿತ್ರಾಗೂ ಓದಿ ತೋರಿಸಿದೆ. ಕೊನೆಗೂ ನಮ್ಮ ವಾಚಿಗೆ ಒಂದು ಸಮುದ್ರ ಸಿಕ್ಕಿತಲ್ಲ ಎಂದೆ. ಆಮೇಲೆ ಪ್ರತಿ ಶ್ರಾವಣಕ್ಕೂ ಮಹಾಕೂಟ, ಪ್ರತಿ ಪತ್ರದ ಕೊನೆಗೂ ‘ದಿನಾ ಕಟ್ಟುತ್ತೇನೆ’. ಆದರೆ ಮುಂದಿನ ಸಲ ನಾನು ಊರಿಗೆ ಬಂದಾಗ ನಿನ್ನ ತುಂಬುತೋಳಿನ ಅಂಗಿಯ ಕೆಳಗಿನಿಂದ ಬಿಳಿ ಅರಿವಿಯ ಅಂಚು ಮತ್ತೆ ಇಣುಕುತ್ತಿತ್ತು. ರೂಢಿ, ಬಿಡಲಾಗಿಲ್ಲ ಪಾಪ ಅಂದುಕೊಂಡೆ. ಈ ವಾಚಿಗೆ ಅರಿವಿ ಯಾಕೆ ಬೇಕು ಎಂದು ಕೇಳಲಿಲ್ಲ. ತೋಳು ಸರಿಸಿ ನೋಡಲಿಲ್ಲ. ಅಪ್ಪನ ತೋಳು ಸರಿಸಿ ಯಾರಾದರೂ ನೋಡುತ್ತಾರೆಯೇ?

ಅದಕ್ಕೂ ಎಷ್ಟೋ ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಿದೆಯೇ ನಿನಗೆ? ಬಾದಾಮಿಯಿಂದ ಒಂದೇ ಟ್ರಂಕು ಹಿಡಿದು ನಾನು ಬಂದಿಳಿದ ಮಧ್ಯಾಹ್ನ. ಆಗ ನನಗೆ ಇಪ್ಪತ್ತೈದು. ಕಲ್ಲಿನ ಗುತ್ತಿಗೆ ಮಾಡುವ ನನ್ನ ಗಂಡ, ನಾನು ಕವಿತೆಗಳನ್ನು ಬರೆದಿಟ್ಟುಕೊಂಡಿದ್ದ ನೋಟುಬುಕ್ಕನ್ನು ನೀರೊಲೆಗೆ ಹಾಕಿದ್ದ. ಕಿತ್ತುಕೊಳ್ಳಲು ಹೋದವಳ ಮೇಲೆ ಕೈ ಮಾಡಿದ್ದ, ಅದೇ ಮೊದಲಲ್ಲ. ನೀನು ನನ್ನ ಕೆನ್ನೆ ನೋಡಿದೆ. “ಹೊಳ್ಳಿ ಹೋಗಬ್ಯಾಡವ್ವಾ. ನಾ ಇರೂತನಕ ಯಾರೂ ನಿನ್ನ ಕಳಸೂದಿಲ್ಲ” ಎಂದೆ. ಆ ಎರಡು ಮಾತಿನ ಮೇಲೆ ಕಾಲೂರಿ ನಾನು ನಿಂತೆ. ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದ್ದು, ಬಾಗಲಕೋಟೆಯಲ್ಲಿ ಕೆಲಸ ಹಿಡಿದದ್ದು, ವಿದ್ಯಾಗಿರಿಯಲ್ಲಿ ಎರಡು ಕೋಣೆಯ ಮನೆ ಮಾಡಿದ್ದು, ಎಲ್ಲ ಅದರ ಮೇಲೆ. ಯಾರು ಏನೇ ಆಡಿಕೊಳ್ಳಲಿ, ನಮ್ಮಪ್ಪ ಅಂದಿದ್ದಾನಲ್ಲ, ಎಂಬ ಧೈರ್ಯ. ವಯಸ್ಸಾದ ಮೇಲೆ ಒಮ್ಮೆ ನೀನು “ನಾ ಹೋದ ಮ್ಯಾಲ ನಿನಗ ಯಾರು?” ಎಂದು ಕೇಳಿದ್ದೆ. “ನನಗ ನೌಕರಿ ಐತಿ, ಮನಿ ಐತಿ, ಕಪಾಟಿನ ತುಂಬ ಪುಸ್ತಕ ಅದಾವ” ಎಂದಿದ್ದೆ. ನೀನು ತಲೆಯಾಡಿಸಿದೆ. ಒಪ್ಪಿಕೊಂಡೆ ಅಂತಲೇ ನಾನು ತಿಳಿದೆ.

ನಿನ್ನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ನಿನ್ನ ಟ್ರಂಕು ತೆಗೆದೆ. ಆ ವಾಚು ನನ್ನ ಹತ್ತಿರ ಇರಲಿ, ನಿನ್ನ ಕೈಯ ಗೀರುಗಳಾದರೂ ಉಳಿಯಲಿ ಎಂಬ ಆಸೆ. ಟ್ರಂಕಿನಲ್ಲಿ ಹಳೆಯ ಸ್ಟೀಲ್ ವಾಚು, ಮಡಚಿಟ್ಟ ಅರಿವಿಯ ತುಂಡುಗಳು, ಟೈಟೇನಿಯಂ ವಾಚಿನ ಡಬ್ಬಿ. ಡಬ್ಬಿ ಖಾಲಿ. ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ಗಂಗಾ ವೈನಿ, ತಲೆ ತಗ್ಗಿಸಿ ನಿಂತಿದ್ದಳು. ಪಡಸಾಲೆಯ ತುಂಬ ಬೀಗರು ಬಿಜ್ಜರು. ಎಲ್ಲರ ಮುಂದೆ ನಾನು ಅಂದೆ: “ದಿನಾ ಕಟ್ಟತಿದ್ದ ವಾಚು ಎಲ್ಲಿ ಹೋಗತೈತಿ? ಕಡೀ ದಿನದಾಗ ಅಪ್ಪನ ಮೈ ಕೈ ಮುಟ್ಟಿದವರು ಯಾರು?” ಅವಳು “ನಾ ತಗೊಂಡಿಲ್ಲ ನೀಲಾ” ಎಂದಳು. ಅಷ್ಟೇ. ಆರು ತಿಂಗಳು ನಿನ್ನ ಹಾಸಿಗೆ ತೊಳೆದವಳನ್ನು ನಾನು ಕಳ್ಳಿ ಅಂದೆ ಅಪ್ಪಾ. ಆ ಶಬ್ದ ಬಾಯಿಂದ ಬರಲಿಲ್ಲ, ಆದರೆ ಪಡಸಾಲೆಯಲ್ಲಿ ಕೂತ ಎಲ್ಲರಿಗೂ ಅದು ಕೇಳಿಸಿತು. ಆಮೇಲೆ ಒಂದು ವರ್ಷ ನಾನು ಹುನಗುಂದಕ್ಕೆ ಕಾಲಿಡಲಿಲ್ಲ.

ಎರಡು ತಿಂಗಳ ಹಿಂದೆ ಧಾರವಾಡದಲ್ಲಿ ಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ಬಾಗಲಕೋಟೆಗೆ ಬರುತ್ತಿದ್ದೆ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ಚಹಾದ ಅಂಗಡಿಯ ಬೆಂಚಿನ ಮೇಲೆ, ಬಿಸಿಲಿಗೆ ಚಾಚಿದ ಒಂದು ಕೈ. ಮನುಷ್ಯನ ಮುಖಕ್ಕಿಂತ ಮೊದಲು ನನಗೆ ಕಂಡದ್ದು ವಾಚು. ಸ್ಟೀಲಾದರೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಇದು ಮಿಂಚಲಿಲ್ಲ. ಸ್ಲೇಟಿನ ಬಣ್ಣ. ಕತ್ತೆತ್ತಿ ನೋಡಿದರೆ ಅವನು, ನನ್ನ ಬಾದಾಮಿಯ ಗಂಡ. ತಲೆ ಪೂರಾ ಬೆಳ್ಳಗಾಗಿದೆ.

“ಓಹೋ, ಮೇಡಮ್ಮಾರು! ಗುರ್ತು ಹತ್ತಿತಿಲ್ಲೊ?”

“ಆ ವಾಚು...” ಎಂದೆ.

“ನಿಮ್ಮಪ್ಪಾರು ಕೊಟ್ಟಿದ್ದು. ಯಾಕ, ನಿಮಗ ಗೊತ್ತಿಲ್ಲೇನು? ಆರು ವರ್ಷ ಆತು. ಶ್ರಾವಣದಾಗ ಬಂದು, ಹೊರಗ ಕಟ್ಟಿ ಮ್ಯಾಲ ಕುಂತು, ಕೈಯಾಗಿಂದು ಬಿಚ್ಚಿ ನನ್ನ ಕೈಯಾಗ ಇಟ್ರು. ‘ಆಗಿದ್ದು ಆತ್ರಿ ಅಳಿಯಂದ್ರ, ನೀಲಾನ್ನ ಕರಕೊಂಡ ಬರ್ರಿ, ನಾ ಇನ್ನೆಷ್ಟು ದಿನ’ ಅಂದ್ರು. ನಾ ಹಿಂಗ ಹಿಡದು ನೋಡಿದ್ನಿ...” ಅವನೂ ಅಂಗೈಯನ್ನು ಮೇಲೆ ಕೆಳಗೆ ತೂಗಿ ತೋರಿಸಿದ. “ತೂಕನ ಇಲ್ಲ! ‘ಮಾವನವರ, ಮಗಳನ್ನ ಕಳಸೂದಿದ್ರ ಅಸಲಿ ಕೊಡ್ರಿ, ಡಬ್ಬಿ ವಾಚು ಕೊಟ್ಟು ನಡಸ್ತೀರಲ್ಲ’ ಅಂತ ಚಾಷ್ಟಿ ಮಾಡಿದ್ನಿ.”

“ಅಪ್ಪ ಏನಂದ್ರು?”

“ಏನೂ ಅನ್ನಲಿಲ್ಲ. ವಾಚು ಹೊಳ್ಳಿ ತಗೊಳ್ಳಲೂ ಇಲ್ಲ. ಆಮ್ಯಾಲ ವರ್ಷಾ ಶ್ರಾವಣದಾಗ ಬರ್ತಿದ್ರು. ‘ವಿಚಾರ ಮಾಡಿದ್ರೇನ್ರಿ?’ ಅಂತ ಕೇಳಿ, ಚಾ ಕುಡದು ಹೋಗತಿದ್ರು.” ಅವನು ವಾಚನ್ನು ಉಗುರಿನಿಂದ ಬಡಿದ. “ಡಬ್ಬಿ ಅಂದ್ನಿ ಖರೆ, ಆದ್ರ ಕಲ್ಲಿನ ಕ್ವಾರಿಯಾಗ ದಿನಾ ಕಟ್ಟತೇನಿ. ಮೈತುಂಬ ಗೀರು ನೋಡ್ರಿ. ಬಿಸಲಿಗೆ ಸುಡೂದಿಲ್ಲ, ತುರಸೂದಿಲ್ಲ, ಕಟ್ಟಿದ್ದು ನೆನಪ ಇರೂದಿಲ್ಲ.”

ಟೈಟೇನಿಯಂ ವಾಚು ದಿನಾ ಕಟ್ಟಲು ಬರುತ್ತದೆಯೇ ಎಂದು ನಾನು ಸುಮಿತ್ರಾಳನ್ನು ಕೇಳಿದ ಪ್ರಶ್ನೆಗೆ, ನನ್ನ ನೋಟುಬುಕ್ಕು ಸುಟ್ಟ ಕೈ ಆರು ವರ್ಷ ಕಟ್ಟಿಕೊಂಡು ಉತ್ತರ ಹೇಳುತ್ತಿತ್ತು.

“ಬಿಚ್ಚಿ ಕೊಡ್ರಿ” ಎಂದೆ.

“ಕೊಟ್ಟದ್ದನ್ನ ಹೊಳ್ಳಿ ಕೇಳೂದು ಎಲ್ಲಿ ಪದ್ಧತ್ರಿ?”

“ಕೊಟ್ಟಿದ್ದು ನಾ ಬರಲಿ ಅಂತ. ನಾ ಬಂದಿಲ್ಲ, ಬರೂದೂ ಇಲ್ಲ. ಬಿಚ್ಚಿ ಕೊಡ್ರಿ.”

ಚಹಾದವನು ಸೋಸುತ್ತಾ ನಕ್ಕ. “ಖರೆ ಐತಲ್ರಿ ಸಾವಕಾರ. ಮಾಲು ಬರಲಿಲ್ಲ ಅಂದ ಮ್ಯಾಲ ಮುಂಗಡ ಹೊಳ್ಳಿ ಕೊಡಬೇಕು.” ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕು, ಆ ನಗೆಯಲ್ಲೇ ಮುಖ ಮುಚ್ಚಿಕೊಂಡು, ವಾಚು ಬಿಚ್ಚಿ ಬೆಂಚಿನ ಮೇಲಿಟ್ಟ. ಮಾಲು ಅಂದರೆ ನಾನು, ಅಪ್ಪಾ. ತರಗತಿಯಲ್ಲಿ ನಿಂತರೆ ಮಕ್ಕಳು ಎದ್ದು ನಿಲ್ಲುವ ನಿನ್ನ ಮಗಳು. ನನ್ನನ್ನು ಆ ಬೆಂಚಿನ ಮೇಲೆ ಇಟ್ಟವನು ಚಹಾದವನಲ್ಲ.

ಬಸ್ಸು ಮತ್ತೆ ಹೊರಟ ಮೇಲೆ ವಾಚನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಯಾವುದು ಹೆಚ್ಚು ನೋಯಿತು ಎಂದು ನೋಡಿದೆ. ನೀನು ಅವನ ಕಟ್ಟೆಯ ಮೇಲೆ ಹೋಗಿ ಕೂತದ್ದೇ? ನನ್ನ ಕೆನ್ನೆ ನೋಡಿದ ಕಣ್ಣಿನಿಂದಲೇ ಅವನ ಮುಖ ನೋಡಿ ‘ಆಗಿದ್ದು ಆತು’ ಅಂದದ್ದೇ? ಆಗಿದ್ದು ಯಾರಿಗೆ ಆಗಿತ್ತು? ಅಥವಾ ಬಾದಾಮಿಯ ಮಗ್ಗುಲಲ್ಲೇ ಇರುವ ಮಹಾಕೂಟದ ಆ ಹೊಂಡದಲ್ಲಿ ಮೂರು ಸಲ ಮುಳುಗಿದ್ದು... ಸುಳ್ಳು ಹೇಳಬೇಕಾದರೆ ‘ಸುಖವಾಗಿದ್ದೇನೆ’ ಎಂದು ಬರೆದು ಸುಮ್ಮನಿರಬಹುದಿತ್ತಲ್ಲ. ಮೂರು ಸಲ ಯಾಕೆ ಮುಳುಗಿಸಿದೆ? ಅಷ್ಟು ಚೆಂದ ಯಾಕೆ ಬರೆದೆ? ಇಪ್ಪತ್ತು ವರ್ಷದ ನಿನ್ನ ಪತ್ರಗಳು ನನ್ನ ಕಪಾಟಿನಲ್ಲಿ ಕವಿತೆಯ ಪುಸ್ತಕಗಳ ಪಕ್ಕದಲ್ಲಿವೆ. ಈಗ ಅದರಲ್ಲಿ ಯಾವ ಸಾಲನ್ನು ನಂಬಿ ಓದಲಿ?

‘ನಾ ಇರೂತನಕ’ ಎಂದಿದ್ದೆ ನೀನು. ಸಾಹಿತ್ಯ ಪಾಠ ಮಾಡುವವಳು ನಾನು, ಒಂದು ಶಬ್ದದ ಹಿಂದೆ ಒಂದು ತಾಸು ಕಳೆಯುತ್ತೇನೆ. ಆ ಶಬ್ದದ ಹತ್ತಿರ ಮಾತ್ರ ಯಾಕೆ ನಿಲ್ಲಲಿಲ್ಲ? ನೀನು ಇರುವ ತನಕ ಎಂದರೆ ನೀನು ಇಲ್ಲದ ಮೇಲೆ ನಾನು ಹೋಗಬೇಕು ಎಂದೇ? ಆ ವಾಚು ಕೊಟ್ಟು ನೀನು ಮತ್ತೆ ಸ್ಟೀಲ್ ವಾಚಿಗೆ ಹೋದೆ, ಮತ್ತೆ ಗಾಯ ಮಾಡಿಕೊಂಡೆ, ಮತ್ತೆ ಅರಿವಿ ಸುತ್ತಿಕೊಂಡೆ, ಪೂಜೆಯ ಕೈಯಲ್ಲಿ ಐದು ವರ್ಷ ಆ ಉರಿ ಇಟ್ಟುಕೊಂಡೆ. ಅದು ನನಗಾಗಿ ಅಂತ ನಿನ್ನ ಪರವಾಗಿ ವಾದ ಮಾಡಬಹುದು. ಮಾಡುವುದಿಲ್ಲ. ನಿನಗೆ ಉರಿದದ್ದು ನನಗೆ ಗೊತ್ತಾಗದಂತೆ ಮುಚ್ಚಿಕೊಳ್ಳಲು ಅರಿವಿ ಸಿಕ್ಕಿತು. ವೈನಿಗೆ ಏನು ಸಿಕ್ಕಿತು?

ಅವಳ ಹತ್ತಿರ ಹೋಗಲು ನನಗೆ ಎರಡು ವಾರ ಬೇಕಾಯಿತು. ನಿಜ ಹೇಳಿದರೆ ನಿನ್ನ ಹೆಸರು ಹೋಗುತ್ತದೆ, ಹೇಳದಿದ್ದರೆ ಅವಳ ಹೆಸರು ಹೋಗಿದ್ದು ಹಾಗೇ ಉಳಿಯುತ್ತದೆ. ಒಂದು ಭಾನುವಾರ ಹುನಗುಂದದ ಬಸ್ಸು ಹತ್ತಿದೆ. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ನಾನು ಹಿಟ್ಟಿನ ಪರಾತದ ಪಕ್ಕದಲ್ಲಿ ವಾಚು ಇಟ್ಟೆ. ಕೈ ನಿಂತಿತು.

“ಬಾದಾಮಿಗೆ ಹೋಗಿದ್ದೇನ?”

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. “ವೈನಿ, ನಿನಗ ಗೊತ್ತಿತ್ತೇನು?”

“ಬುತ್ತಿ ಕಟ್ಟಿ ಕೊಡಾಕಿ ನಾನಲ್ಲೇನು? ಮಹಾಕೂಟಕ್ಕ ಹೋಗೂರು ದೇವರಿಗೆ ಅಂತ ಕಾಯಿ ಒಯ್ಯತಾರ. ಮಾವನವರು ಅಳಿಯಗ ಅಂತ ಶೇಂಗಾ ಹೋಳಿಗಿ ಕಟ್ಟಿಸಿಕೊಂಡ ಹೋಗತಿದ್ರು. ‘ನೀಲಾಗ ಹೇಳಿದ್ರ ನನ್ನ ಆಣಿ’ ಅಂದಿದ್ರು.”

“ಅವತ್ತ ಪಡಸಾಲ್ಯಾಗ ಅಷ್ಟು ಮಂದಿ ಮುಂದ ನಾ ಅಂದಾಗರೆ ಹೇಳಬೇಕಿತ್ತಲ್ಲ ವೈನಿ!”

“ಹೇಳಿದ್ರ ನಂಬತಿದ್ದೇನು? ಹೆಡ್‌ಮಾಸ್ತರರ ಕಾಗದದ ಮುಂದ ನಾಲ್ಕನೇ ಇಯತ್ತೆ ಕಲತಾಕಿ ಮಾತು!” ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದೇ ಕಷ್ಟವಾಯಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆ ಅಂದಳು: “ಆ ಅರಿವಿ ತುಂಡು ದಿನಾ ನಾನ ಒಗದು ಒಣಗಿಸಿ ಕೊಡತಿದ್ನಿ. ಹೊಸಾ ವಾಚಿಗೆ ಅರಿವಿ ಯಾಕಪ್ಪಾ ಅಂತ ನೀ ಒಮ್ಮೆರೆ ಕೇಳತಿ ಅಂತ ಐದು ವರ್ಷ ಹಾದಿ ನೋಡಿದ್ನಿ ನೀಲಾ. ನೀ ಭಾಳ ಓದಿದಾಕಿ.”

ಅವತ್ತು ಸಂಜೆ ಅಣ್ಣನನ್ನು, ಓಣಿಯ ದೊಡ್ಡವರನ್ನು, ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಅದೇ ಪಡಸಾಲೆಗೆ ಕರೆದೆ. ಎಲ್ಲರ ಮುಂದೆ ಹೇಳಿದೆ. ನಿನ್ನ ಹೆಸರು ಹೇಳಿಯೇ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ. ಯಾರೋ ಹಿರಿಯರು “ಹೋದವರ ಸುದ್ದಿ ಈಗ್ಯಾಕವ್ವಾ” ಎಂದರು. “ಇದ್ದವರ ಸುದ್ದಿ ಐತಲ್ರಿ” ಎಂದೆ. ವೈನಿ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಾನು ಹೋಗಿ ಅವಳ ಎಡಗೈ ಹಿಡಿದು ವಾಚು ಕಟ್ಟಿದೆ. “ಬಿಡ ನೀಲಾ, ರೊಟ್ಟಿ ಬಡಿಯೂ ಕೈಗೆ ಯಾಕ ಇದು” ಎಂದು ಎಳೆದುಕೊಂಡಳು. ಆಮೇಲೆ ಕೈ ಮೇಲೆತ್ತಿ ಒಮ್ಮೆ ಅಲ್ಲಾಡಿಸಿ ನೋಡಿದಳು. “ಅಯ್ಯ, ಎಷ್ಟ ಹಗೂರ ಐತಿ!” ನಾನು ಕೇಳಿದ ಇಷ್ಟು ಬಾಯಿಗಳಲ್ಲಿ, ಆ ಮಾತನ್ನು ಕೊರತೆಯೆಂದು ಹೇಳದೆ ಇದ್ದವಳು ಅವಳೊಬ್ಬಳೇ.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲಾರೆ. ಇನ್ನು ನಮ್ಮಿಬ್ಬರಲ್ಲಿ ಒಬ್ಬರಾದರೂ ಪತ್ರದಲ್ಲಿ ಸುಳ್ಳು ಬರೆಯಬಾರದು. ನಿನ್ನ ಮಣ್ಣಿಗೆ ಈ ವರ್ಷ ಹೂವು ತರಲಿಲ್ಲ, ಮುಂದಿನ ವರ್ಷದ ಮಾತು ಈಗ ಗೊತ್ತಿಲ್ಲ. ಆದರೆ ನಿನಗೆ ತಿಳಿಯದ ಒಂದು ಸುದ್ದಿ ಇದೆ. ನಿನ್ನೆ ವೈನಿಯ ಕಾರ್ಡು ಬಂತು. ನಿನ್ನ ಹಾಗೆ ದುಂಡು ಅಕ್ಷರವಲ್ಲ, ಸಾಲು ಮೇಲೆ ಕೆಳಗೆ. ‘ವಾಚು ಸರಿ ನಡದೈತಿ. ಗೀರಿನಾಗ ಹಿಟ್ಟು ತುಂಬತೈತಿ, ಒರಸ್ತೇನಿ. ದಿನಾ ಕಟ್ಟತೇನಿ. ನಂಬಿಗಿ ಇಲ್ಲದಿದ್ರ ಬಂದು ನೋಡು.’

ನಂಬಿಗೆ ಇದೆ. ಆದರೂ ಈ ಭಾನುವಾರ ಹೋಗುತ್ತೇನೆ ಅಪ್ಪಾ. ಅವಳ ಕೈ ಹಿಡಿದು, ಸೆರಗು ಸರಿಸಿ, ನೋಡುತ್ತೇನೆ.

ನೀಲಾ